ಒಂದು ಸಾವು, ನೂರು ಕಥೆ: ಸತ್ಯ ಹೇಳಿದವರು ಸತ್ತಾಗ ನಮಗೆ ಯಾಕೆ ಅನುಮಾನ ಬರುತ್ತೆ?

1/10

ಹೋದ ವಾರ ನಮ್ಮ ಕ್ಲಾಸ್ ಗ್ರೂಪಿಗೆ ಒಂದು ರೀಲ್ ಬಂತು. ನಿಮಗೂ ಬಂದಿರುತ್ತೆ. ಬೋಯಿಂಗ್ ವಿಮಾನ ಕಂಪನಿಯ ತಪ್ಪುಗಳನ್ನ ಹೊರಗೆ ಹೇಳಿದ ಜಾನ್ ಬಾರ್ನೆಟ್ ಅನ್ನೋರ ಕಥೆ. ಹಿಂದೆ ಭಯ ಹುಟ್ಟಿಸೋ ಮ್ಯೂಸಿಕ್, ಕೊನೆಗೆ ಕೆಂಪು ಅಕ್ಷರದಲ್ಲಿ "ಇದು ಆತ್ಮಹತ್ಯೆ ಅಲ್ಲ". ಹತ್ತು ನಿಮಿಷದಲ್ಲಿ ಹದಿನೈದು ಜನ ಫಾರ್ವರ್ಡ್ ಮಾಡಿದ್ರು. ನಾನೂ ಮಾಡಿದೆ.

ಆಮೇಲೆ ಒಬ್ಬಳು ಕೇಳಿದ್ಳು: "ಇದೆಲ್ಲ ಅಮೆರಿಕದ್ದಾಯ್ತು. ನಮ್ಮ ಕಡೆ ಹಿಂಗೆ ಆಗಿದೆಯಾ?"

ಆಗಿದೆ. ಒಂದಲ್ಲ, ಸುಮಾರು ಸಲ. ಅದರಲ್ಲಿ ಒಂದು ಸಾವಿಗಂತೂ ಇಡೀ ಕರ್ನಾಟಕ ಬೀದಿಗೆ ಬಂದಿತ್ತು. ಆಗ ನಾವೆಲ್ಲ ಪ್ರೈಮರಿ ಸ್ಕೂಲಲ್ಲಿದ್ವಿ, ಹಾಗಾಗಿ ಹೆಸರು ಕೇಳಿದ್ದೀವಿ, ಕಥೆ ಗೊತ್ತಿಲ್ಲ.

ಈ ಸಲದ ಇತಿಹಾಸ ಸರಣಿ ಅದರ ಬಗ್ಗೆ. ಹತ್ತು ಕ್ಯಾಪ್ಷನ್. ಉದ್ದ ಇದೆ, ಸೇವ್ ಮಾಡ್ಕೊಂಡು ಓದಿ.

ಮೊದಲೇ ಒಂದು ಮಾತು. "ಯಾರು ಕೊಂದ್ರು" ಅಂತ ಹುಡುಕೋ ಪತ್ತೇದಾರಿ ಸರಣಿ ಇದಲ್ಲ. ಅನುಮಾನ ಎಲ್ಲಿಂದ ಹುಟ್ಟುತ್ತೆ, ಯಾವಾಗ ಅದು ನ್ಯಾಯ, ಯಾವಾಗ ಅದು ಇನ್ನೊಬ್ಬರ ಮನೆ ಮುರಿಯೋ ಮಾತು, ಅದನ್ನ ನೋಡೋಣ. ಯಾಕಂದ್ರೆ ಇನ್ನು ಎರಡು ಮೂರು ವರ್ಷದಲ್ಲಿ ನಾವೂ ಯಾವುದೋ ಕಂಪನಿ, ಯಾವುದೋ ಕಚೇರಿ, ಯಾವುದೋ ಕಾಮಗಾರಿ ಸೈಟಲ್ಲಿ ಇರ್ತೀವಿ. ಸುಳ್ಳು ಬಿಲ್ಲಿಗೆ ಸಹಿ ಹಾಕು ಅಂತ ಯಾರೋ ಫೈಲ್ ಮುಂದಿಡ್ತಾರೆ. ಆ ದಿನಕ್ಕೆ ಈ ಇತಿಹಾಸ ಬೇಕು.

2/10

ಮೊದಲು ಪದದ ವಿಷಯ. ಇಂಗ್ಲಿಷಿನ ವಿಷಲ್ ಬ್ಲೋವರ್ ಅನ್ನೋದಕ್ಕೆ ಕನ್ನಡದಲ್ಲಿ ಎಲ್ಲರ ಬಾಯಲ್ಲೂ ನಿಂತ ಒಂದು ಪದ ಇನ್ನೂ ಇಲ್ಲ. ಪೇಪರಿನವರು ಒಮ್ಮೆ "ಅಕ್ರಮ ಬಯಲಿಗೆಳೆದವರು" ಅಂತಾರೆ, ಒಮ್ಮೆ ವಿಷಲ್ ಬ್ಲೋವರ್ ಅಂತಲೇ ಬರೀತಾರೆ. ಆದ್ರೆ "ಚಾಡಿಕೋರ" ಅನ್ನೋ ಪದ ಮಾತ್ರ ಎಲ್ಲರಿಗೂ ಗೊತ್ತು. ಒಳಗಿನ ಮಾತನ್ನ ಹೊರಗೆ ಹೇಳಿದವರನ್ನ ನಾವು ಮೊದಲು ಯಾವ ಕಣ್ಣಲ್ಲಿ ನೋಡ್ತೀವಿ ಅನ್ನೋದು ಇದರಲ್ಲೇ ಗೊತ್ತಾಗುತ್ತೆ.

ಈಗ ನಮ್ಮ ರಾಜ್ಯದ ಒಬ್ಬ ಹುಡುಗನ ಕಥೆ. ಮಂಜುನಾಥ್ ಷಣ್ಮುಗಂ. ಊರು ಕೆಜಿಎಫ್. ಮೈಸೂರಿನ ಎಸ್‌ಜೆಸಿಇಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿ, ಲಖನೌ ಐಐಎಂಗೆ ಹೋಗಿ, ಇಂಡಿಯನ್ ಆಯಿಲ್‌ನಲ್ಲಿ ಸೇಲ್ಸ್ ಅಧಿಕಾರಿ ಆದ. ಕೆಲಸ ಉತ್ತರ ಪ್ರದೇಶದ ಲಖೀಂಪುರ ಖೇರಿ ಕಡೆ. ಪೆಟ್ರೋಲ್ ಬಂಕ್‌ಗಳನ್ನ ತಪಾಸಣೆ ಮಾಡೋದು ಅವನ ಡ್ಯೂಟಿ.

ಆಗಿನ ದಂಧೆ ಹೇಗಿತ್ತು ಅಂದ್ರೆ, ಪಡಿತರದ ಸೀಮೆಎಣ್ಣೆಗೆ ಸರ್ಕಾರದ ಸಬ್ಸಿಡಿ ಇತ್ತು, ಬಹಳ ಅಗ್ಗ. ಅದನ್ನ ಡೀಸೆಲ್‌ಗೆ ಬೆರೆಸಿ ಡೀಸೆಲ್ ರೇಟಿಗೆ ಮಾರಿದ್ರೆ ಮಧ್ಯದ ದುಡ್ಡೆಲ್ಲ ಲಾಭ. ಬಡವರ ಸ್ಟವ್‌ಗೆ ಹೋಗಬೇಕಾದ ಎಣ್ಣೆ ಲಾರಿ ಟ್ಯಾಂಕಿಗೆ ಹೋಗ್ತಿತ್ತು. ಮಂಜುನಾಥ್ ಹೀಗೆ ಕಲಬೆರಕೆ ಮಾಡ್ತಿದ್ದ ಒಂದು ಬಂಕ್‌ಗೆ ಬೀಗ ಹಾಕಿಸಿದ. ಅದು ಮತ್ತೆ ತೆರೆದ ಮೇಲೆ ಹೇಳದೆ ಕೇಳದೆ ತಪಾಸಣೆಗೆ ಹೋದ. 2005ರ ನವೆಂಬರ್ 19ರ ರಾತ್ರಿ ಅವನನ್ನ ಗುಂಡಿಟ್ಟು ಕೊಂದ್ರು. ವಯಸ್ಸು 27. ಅವನ ಕಾರಿನ ಹಿಂದಿನ ಸೀಟಲ್ಲೇ ಶವ ಸಿಕ್ಕಿತು.

ಈ ಕೇಸಲ್ಲಿ ಅನುಮಾನಕ್ಕೆ ಜಾಗ ಕಡಿಮೆ ಇತ್ತು. ಆರೋಪಿಗಳು ಬೇಗ ಸಿಕ್ಕಿದ್ರು. ಐಐಎಂನ ಗೆಳೆಯರು ದುಡ್ಡು ಕೂಡಿಸಿ, ಟ್ರಸ್ಟ್ ಕಟ್ಟಿ, ಕೇಸಿನ ಹಿಂದೆ ಬಿದ್ದರು. 2007ರಲ್ಲಿ ಕೆಳಗಿನ ಕೋರ್ಟ್ ಮುಖ್ಯ ಆರೋಪಿಗೆ ಮರಣದಂಡನೆ ಕೊಟ್ಟಿತು, ಹೈಕೋರ್ಟ್ ಅದನ್ನ ಜೀವಾವಧಿಗೆ ಇಳಿಸಿತು, 2015ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿ ಶಿಕ್ಷೆ ಎತ್ತಿಹಿಡಿಯಿತು.

2015ರ ಮಾರ್ಚ್. ಈ ತಿಂಗಳು ನೆನಪಲ್ಲಿಟ್ಕೊಳ್ಳಿ, ಮತ್ತೆ ಬರುತ್ತೆ.

3/10

ದಾವಣಗೆರೆಯಿಂದ ಹರಿಹರಕ್ಕೆ ಬೈಕಲ್ಲಿ ಹೋಗುವಾಗ ಹೈವೇ ಹತ್ತುತ್ತೀವಲ್ಲ, ಈಗ ಎನ್‌ಎಚ್ 48, ಆಗ ಎನ್‌ಎಚ್ 4. ಇದು ವಾಜಪೇಯಿ ಕಾಲದ ಸುವರ್ಣ ಚತುಷ್ಪಥದ ಒಂದು ಭಾಗ. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತ ಸೇರಿಸೋ ರಸ್ತೆ. ಚೆನ್ನೈ–ಮುಂಬೈ ಬಾಹು ನಮ್ಮೂರ ಪಕ್ಕದಲ್ಲೇ ಹಾದು ಹೋಗುತ್ತೆ.

ಇದೇ ಯೋಜನೆಯ ಇನ್ನೊಂದು ಬಾಹುವಿನಲ್ಲಿ, ಬಿಹಾರ–ಜಾರ್ಖಂಡ್ ಕಡೆ, ಸತ್ಯೇಂದ್ರ ದುಬೆ ಅನ್ನೋ ಎಂಜಿನಿಯರ್ ಇದ್ದರು. ಐಐಟಿ ಕಾನ್ಪುರದಲ್ಲಿ ಸಿವಿಲ್ ಓದಿದವರು, ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಕೆಲಸ. ದೊಡ್ಡ ಗುತ್ತಿಗೆದಾರರು ಕೆಲಸವನ್ನ ಸಣ್ಣಪುಟ್ಟವರಿಗೆ ಮರುಗುತ್ತಿಗೆ ಕೊಡ್ತಿದ್ದಾರೆ, ಕಾಮಗಾರಿ ಕಳಪೆ, ದುಡ್ಡು ಸೋರ್ತಿದೆ ಅಂತ 2002ರಲ್ಲಿ ನೇರ ಪ್ರಧಾನಿಗೆ ಪತ್ರ ಬರೆದರು. ಪತ್ರವನ್ನ ಗಂಭೀರವಾಗಿ ತಗೊಳ್ಳಲಿ ಅಂತ ತಾನು ಯಾರು ಅನ್ನೋದನ್ನ ಬೇರೆ ಹಾಳೆಯಲ್ಲಿ ಬರೆದು, ಹೆಸರು ಗುಟ್ಟಾಗಿಡಿ ಅಂತ ಕೇಳ್ಕೊಂಡಿದ್ದರು. ಹೆಸರು ಗುಟ್ಟಾಗಿ ಉಳಿಯಲಿಲ್ಲ. ಪತ್ರ ಹೆಸರಿನ ಸಮೇತ ಇಲಾಖೆಯಿಂದ ಇಲಾಖೆಗೆ ತಿರುಗಿತು.

2003ರ ನವೆಂಬರ್ 27ರ ಬೆಳಗಿನ ಜಾವ ಗಯಾ ಸ್ಟೇಷನ್ನಿಂದ ರಿಕ್ಷಾದಲ್ಲಿ ಮನೆಗೆ ಹೋಗ್ತಿದ್ದಾಗ ಅವರನ್ನ ಗುಂಡಿಟ್ಟು ಕೊಲ್ಲಲಾಯಿತು. ಆಗಷ್ಟೇ 30 ತುಂಬಿತ್ತು.

ಸಿಬಿಐ ತನಿಖೆ ಮಾಡಿ ಹೇಳಿದ್ದು: ಇದು ದರೋಡೆಗೆ ಹೋಗಿ ಆದ ಕೊಲೆ, ಪತ್ರಕ್ಕೂ ಇದಕ್ಕೂ ಸಂಬಂಧ ಇಲ್ಲ. 2010ರಲ್ಲಿ ಮೂವರಿಗೆ ಜೀವಾವಧಿ ಶಿಕ್ಷೆ ಆಯ್ತು. ಆದ್ರೆ ಜನ ನಂಬಲಿಲ್ಲ, ಕುಟುಂಬವೂ ಒಪ್ಪಲಿಲ್ಲ. ಯಾಕೆ? ತನಿಖೆಯ ಮಧ್ಯದಲ್ಲೇ, ಸಿಬಿಐ ವಿಚಾರಣೆ ಮಾಡಿದ್ದ ಇಬ್ಬರು ಶವವಾಗಿ ಸಿಕ್ಕಿದ್ದರು. ಒಂದು ಗುಟ್ಟಿನ ಪತ್ರ ಬಯಲಾಗಿತ್ತು. ಬರೆದವನು ಸತ್ತಿದ್ದ.

ಇಲ್ಲಿ ಗಮನಿಸಿ. ಕೋರ್ಟಿನ ತೀರ್ಪೇ ಸರಿ ಇದ್ದರೂ, ಹೆಸರು ಸೋರಿಕೆ ಮಾಡಿದವರ ತಪ್ಪು ಹಾಗೇ ಉಳಿಯುತ್ತೆ. ಅವತ್ತು ಗುಟ್ಟು ಕಾಪಾಡಿದ್ದರೆ ಈ ಸಾವನ್ನ ಯಾರೂ ಪತ್ರಕ್ಕೆ ಜೋಡಿಸ್ತಿರಲಿಲ್ಲ. ಜನರ ತಲೆಯಲ್ಲಿ ಅನುಮಾನ ತುಂಬಿದ್ದು ಆ ಸೋರಿಕೆ.

4/10

ಈಗ ಬೆಂಗಳೂರು, 2012.

ಎಸ್.ಪಿ. ಮಹಾಂತೇಶ್. ಕೆಎಎಸ್ ಅಧಿಕಾರಿ, ಸಹಕಾರ ಇಲಾಖೆಯ ಲೆಕ್ಕಪರಿಶೋಧನೆ ವಿಭಾಗದಲ್ಲಿ ಉಪನಿರ್ದೇಶಕರು. ಗೃಹ ನಿರ್ಮಾಣ ಸಹಕಾರ ಸಂಘಗಳಲ್ಲಿ ಸೈಟ್ ಹಂಚಿಕೆಯ ಅಕ್ರಮಗಳನ್ನ ಲೆಕ್ಕದ ಪುಸ್ತಕದಿಂದಲೇ ಹೊರಗೆ ತೆಗೆದವರು.

ಈ ಸಂಘ ಅಂದ್ರೆ ಏನು? ಒಂದು ಕಚೇರಿಯ ಅಥವಾ ಒಂದು ಗುಂಪಿನ ಜನ ಸೇರಿ ಸಂಘ ಮಾಡ್ತಾರೆ, ಜಮೀನು ತಗೋತಾರೆ, ಲೇಔಟ್ ಮಾಡ್ತಾರೆ, ಸದಸ್ಯರಿಗೆ ಸೈಟ್ ಹಂಚ್ತಾರೆ. ನಿಯಮ ಸರಳ: ಸದಸ್ಯನಾಗಿರಬೇಕು, ಹಿರಿತನದ ಪಟ್ಟಿ ಪ್ರಕಾರ ಸಿಗಬೇಕು. ದುಡ್ಡು ಕಟ್ಟಿ ಇಪ್ಪತ್ತು ವರ್ಷ ಕಾದ ಗುಮಾಸ್ತನನ್ನ ಬಿಟ್ಟು, ಸದಸ್ಯನೇ ಅಲ್ಲದ ಪ್ರಭಾವಿಗೆ ಮೂಲೆ ಸೈಟ್ ಹೋದ್ರೆ ಅದು ಅಕ್ರಮ. ಇದು ಬೀದಿಯಲ್ಲಿ ಕಾಣೋ ಕಳ್ಳತನ ಅಲ್ಲ, ರಿಜಿಸ್ಟರ್ ತೆರೆದು ನೋಡಿದವನಿಗೆ ಮಾತ್ರ ಕಾಣುತ್ತೆ. ಹಾಗಾಗಿ ಆಡಿಟರ್ ಅಂದ್ರೆ ಇಂಥವರಿಗೆ ಭಯ.

2012ರ ಮೇ ತಿಂಗಳ ಮಧ್ಯದಲ್ಲಿ ಒಂದು ರಾತ್ರಿ, ಊರಿನ ನಡುಮಧ್ಯದಲ್ಲಿ, ಮನೆಗೆ ಹೋಗ್ತಿದ್ದ ಮಹಾಂತೇಶ್ ಮೇಲೆ ದಾಳಿ ಆಯ್ತು. ಪ್ರಜ್ಞೆ ಬರಲೇ ಇಲ್ಲ. ಮೇ 20ರಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಮುಂದೆ ಕೆಲವರ ಬಂಧನವೂ ಆಯ್ತು.

ಇಲ್ಲೊಂದು ಕೊಂಡಿ ಇದೆ. ಮಹಾಂತೇಶ್ ಸತ್ತ ಮೂರೇ ವರ್ಷದ ಒಳಗೆ ಅದೇ ಬೆಂಗಳೂರಿನಲ್ಲಿ ಇನ್ನೊಬ್ಬ ಅಧಿಕಾರಿ ಸಾಯ್ತಾರೆ. ಆಗ ಜನ "ಕೊಲೆ" ಅಂತ ಕೂಗಿದಾಗ ಅವರೇನು ಶೂನ್ಯದಿಂದ ಕಥೆ ಕಟ್ಟಲಿಲ್ಲ. ಮಹಾಂತೇಶ್ ಅವರ ನೆನಪು ಅವರ ತಲೆಯಲ್ಲಿ ಇತ್ತು. ಸಮಾಜ ಅನುಮಾನ ಪಡೋದು ಹಿಂದಿನ ಗಾಯದ ಮೇಲೆ ಕೈ ಇಟ್ಕೊಂಡೇ.

5/10

ಡಿ.ಕೆ. ರವಿ.

ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ದೊಡ್ಡಕೊಪ್ಪಲು. ರೈತರ ಮಗ. 2009ರ ಬ್ಯಾಚಿನ ಐಎಎಸ್. 2013ರಲ್ಲಿ ಕೋಲಾರದ ಜಿಲ್ಲಾಧಿಕಾರಿ ಆಗಿ ಹೋದಾಗ ವಯಸ್ಸು 34.

ಕೋಲಾರ ಬರದ ಜಿಲ್ಲೆ. ಕೆರೆಯೇ ಅಲ್ಲಿನ ಜೀವ. ಕೆರೆ ಅಂಗಳದ ಮರಳು ಬಗೆದು ಬೆಂಗಳೂರಿಗೆ ಸಾಗಿಸೋದು ದೊಡ್ಡ ದಂಧೆ. ಮರಳು ಹೋದ್ರೆ ನೀರು ಇಂಗಲ್ಲ, ಬೋರ್‌ವೆಲ್ ಒಣಗುತ್ತೆ. ರವಿ ಅದಕ್ಕೆ ಕೈ ಹಾಕಿದರು. ಒತ್ತುವರಿ ತೆರವು ಮಾಡಿಸಿದರು. ಕಂದಾಯ ಅದಾಲತ್ ಮಾಡಿ ಪಿಂಚಣಿ, ಖಾತೆ ಬದಲಾವಣೆಯಂಥ ಕೆಲಸಗಳನ್ನ ಜನರ ಬಾಗಿಲಿಗೆ ತಂದರು. ತಾಲ್ಲೂಕಾಫೀಸಿಗೆ ಅಲೆದಲೆದು ಚಪ್ಪಲಿ ಸವೆಸಿದ ಅಜ್ಜಿಗೆ ಪಿಂಚಣಿ ಆದೇಶ ಕೈಗೆ ಸಿಕ್ಕರೆ ಅವಳ ಪಾಲಿಗೆ ಆ ಡಿಸಿ ದೇವರೇ.

2014ರ ಅಕ್ಟೋಬರ್ ಕೊನೆಗೆ ವರ್ಗಾವಣೆ. ಕೋಲಾರದ ಜನ ಅದರ ವಿರುದ್ಧ ಬೀದಿಗಿಳಿದರು. ಒಬ್ಬ ಅಧಿಕಾರಿಯನ್ನ ಇಲ್ಲೇ ಬಿಡಿ ಅಂತ ಬಂದ್ ಮಾಡೋದು ಅಪರೂಪ ಅಲ್ವಾ? ಆದ್ರೂ ವರ್ಗ ಆಯ್ತು. ಹೊಸ ಜಾಗ: ಬೆಂಗಳೂರು, ವಾಣಿಜ್ಯ ತೆರಿಗೆ ಇಲಾಖೆಯ ಜಾರಿ ವಿಭಾಗದ ಹೆಚ್ಚುವರಿ ಆಯುಕ್ತ. ಅಂದ್ರೆ ತೆರಿಗೆ ತಪ್ಪಿಸೋ ದೊಡ್ಡ ಕಂಪನಿ, ಬಿಲ್ಡರ್‌ಗಳ ಮೇಲೆ ದಾಳಿ ಮಾಡೋ ಕೆಲಸ. ಮರಳಿನಿಂದ ಕಾಂಕ್ರೀಟಿಗೆ ಬಂದ ಹಾಗೆ.

ಸರಿಯಾಗಿ ಹೇಳಬೇಕಂದ್ರೆ ರವಿ "ವಿಷಲ್ ಬ್ಲೋವರ್" ಅಲ್ಲ. ಒಳಗಿಂದ ಗುಟ್ಟು ಹೊರಗೆ ಹೇಳಿದವರಲ್ಲ, ಕಾನೂನು ಜಾರಿ ಮಾಡಿದ ಅಧಿಕಾರಿ. ಆದ್ರೆ ಜನ ಅವರನ್ನ ನೋಡಿದ್ದು ಅದೇ ಸಾಲಿನಲ್ಲಿ: ದುಡ್ಡಿದ್ದವರ ಎದುರು ಒಬ್ಬನೇ ನಿಂತವನು.

6/10

2015ರ ಮಾರ್ಚ್ 16, ಸೋಮವಾರ. ಸಂಜೆ ಟಿವಿಯಲ್ಲಿ ಸುದ್ದಿ: ಡಿ.ಕೆ. ರವಿ ಬೆಂಗಳೂರಿನ ತಮ್ಮ ಫ್ಲ್ಯಾಟಿನಲ್ಲಿ ಶವವಾಗಿ ಪತ್ತೆ. ವಯಸ್ಸು 35.

ಅವತ್ತಿನಿಂದ ಒಂದು ವಾರ ಏನಾಯ್ತು ಅಂತ ಕ್ರಮವಾಗಿ ನೋಡಿ.

ಮೊದಲನೇ ದಿನವೇ ಪೊಲೀಸರು, ಮೇಲ್ನೋಟಕ್ಕೆ ಆತ್ಮಹತ್ಯೆ ಅಂದ್ರು. ಮರಣೋತ್ತರ ಪರೀಕ್ಷೆಯ ಪೂರ್ತಿ ವರದಿ ಬಂದಿರಲಿಲ್ಲ. ಜನಕ್ಕೆ ಇದು "ಮುಚ್ಚಿ ಹಾಕೋ ಆತುರ" ಅಂತ ಕಂಡಿತು.

ಸರ್ಕಾರ ಸಿಐಡಿಗೆ ತನಿಖೆ ವಹಿಸಿತು. ತಂದೆ ತಾಯಿ, ವಿರೋಧ ಪಕ್ಷಗಳು, ವಿದ್ಯಾರ್ಥಿಗಳು ಎಲ್ಲರದೂ ಒಂದೇ ಬೇಡಿಕೆ: ಸಿಬಿಐ. ರಾಜ್ಯದ ಪೊಲೀಸರು ರಾಜ್ಯ ಸರ್ಕಾರದ ಕೈಕೆಳಗೆ ಇರೋರು, ಅವರು ದೊಡ್ಡವರ ವಿರುದ್ಧ ಹೋಗ್ತಾರಾ ಅನ್ನೋದು ಪ್ರಶ್ನೆ. ಊರೂರಲ್ಲಿ ಮೇಣದ ಬತ್ತಿ ಮೆರವಣಿಗೆ, ಕಾಲೇಜು ಬಂದ್, ಫ್ಲೆಕ್ಸ್. ವಿಧಾನಮಂಡಲದ ಅಧಿವೇಶನ ಬೇರೆ ನಡೀತಿತ್ತು, ಒಳಗೂ ಗದ್ದಲ.

ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಮೊದಲು ಸಿಐಡಿ ಸಾಕು ಅಂದ್ರು. ಸಿಐಡಿಯ ಮಧ್ಯಂತರ ವರದಿಯನ್ನ ಸದನದಲ್ಲಿ ಇಡ್ತೀವಿ ಅನ್ನೋ ಮಾತು ಬಂತು. ಅದರಲ್ಲಿ ಖಾಸಗಿ ಬದುಕಿನ ವಿಷಯ ಇದೆ ಅಂತ ಗುಸುಗುಸು. ಅದರಿಂದ ತೊಂದರೆ ಆಗೋರು ಹೈಕೋರ್ಟ್‌ಗೆ ಹೋದ್ರು, ಕೋರ್ಟ್ ವರದಿ ಬಹಿರಂಗಕ್ಕೆ ತಡೆ ಹಾಕಿತು.

ಮಾರ್ಚ್ 23ರಂದು ಸರ್ಕಾರ ಸಿಬಿಐ ತನಿಖೆಗೆ ಒಪ್ಪಿತು.

ಒಂದು ವಾರ. ಆ ಒಂದು ವಾರದಲ್ಲಿ ಕರ್ನಾಟಕ ಎರಡು ಭಾಗ ಆಗಿತ್ತು: "ಕೊಲೆ" ಅನ್ನೋರು, "ವೈಯಕ್ತಿಕ ವಿಷಯ" ಅನ್ನೋರು. "ತನಿಖೆ ಮುಗಿಯಲಿ" ಅನ್ನೋರ ದನಿ ಯಾರಿಗೂ ಕೇಳಲಿಲ್ಲ.

7/10

ಈ ಭಾಗ ಬರೆಯೋದು ಕಷ್ಟ. ಆದ್ರೂ ಬರೀಬೇಕು.

ಆ ವಾರ ಗಾಳಿಮಾತಿಗೆ ಸಿಕ್ಕವರು ಬಿಲ್ಡರ್‌ಗಳು, ಮಂತ್ರಿಗಳು ಮಾತ್ರ ಅಲ್ಲ. ರವಿ ಅವರ ಜೊತೆ ಓದಿದ, ಜೊತೆ ಕೆಲಸ ಮಾಡಿದ ಜನರ ಹೆಸರು, ಫೋಟೋ, ಮನೆ ವಿಷಯ ಟಿವಿಯಲ್ಲಿ, ವಾಟ್ಸಾಪ್‌ನಲ್ಲಿ ಹರಿದಾಡಿತು. ಒಬ್ಬ ಮಹಿಳಾ ಅಧಿಕಾರಿಯ ಬಗ್ಗೆ ಆಡಬಾರದ್ದೆಲ್ಲ ಆಡಿದ್ರು. ಅವರ ಮೇಲೆ ಯಾವ ಆರೋಪಪಟ್ಟಿಯೂ ಇರಲಿಲ್ಲ. ಗಂಡು ಸತ್ತರೆ ಹೆಣ್ಣನ್ನ ಹುಡುಕೋ ಹಳೇ ಚಾಳಿ ನಮ್ಮದು.

ವಿಚಿತ್ರ ಅಂದ್ರೆ ಎರಡೂ ಕಡೆಯವರು ಗಾಳಿಮಾತನ್ನೇ ಆಯುಧ ಮಾಡ್ಕೊಂಡ್ರು. "ಕೊಲೆ" ಅನ್ನೋರಿಗೆ ಸಾಕ್ಷ್ಯ ಇರಲಿಲ್ಲ. "ಆತ್ಮಹತ್ಯೆ" ಅನ್ನೋರು ತನಿಖೆಯ ಒಳಗಿನ ವಿಷಯವನ್ನ ಚೂರುಚೂರಾಗಿ ಸೋರಿಸಿದರು. ಯಾವಾಗ ಖಾಸಗಿ ವಿಷಯ ಹೀಗೆ ಸೋರುತ್ತೋ ಆಗ ಜನ ಇನ್ನೂ ಗಟ್ಟಿಯಾಗಿ ಅನ್ಕೋತಾರೆ: "ಸತ್ತವನ ಹೆಸರು ಕೆಡಿಸಿ ಕೇಸ್ ಮುಚ್ಚೋಕೆ ನೋಡ್ತಿದ್ದಾರೆ." ಅಂದ್ರೆ ಅನುಮಾನ ಆರಿಸೋಕೆ ಹೋಗಿ ಎಣ್ಣೆ ಸುರಿದ ಹಾಗೆ ಆಯ್ತು.

ಸಿಬಿಐ ಸುಮಾರು ಒಂದೂವರೆ ವರ್ಷ ತನಿಖೆ ಮಾಡಿತು. 2016ರ ನವೆಂಬರ್‌ನಲ್ಲಿ ಅದರ ತೀರ್ಮಾನ ಹೊರಬಂತು: ಇದು ಆತ್ಮಹತ್ಯೆ, ಕೊಲೆಗೆ ಸಾಕ್ಷ್ಯ ಇಲ್ಲ, ಕಾರಣ ವೈಯಕ್ತಿಕ.

ಬೀದಿಗೆ ಬಂದ ಜನ ಕೇಳಿದ್ದು ಸಿಬಿಐ. ಸಿಬಿಐ ಬಂತು. ಉತ್ತರ ಕೊಟ್ಟಿತು. ಆದ್ರೆ ಇವತ್ತಿಗೂ ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ ನಿಂತು ಆ ಹೆಸರು ತೆಗೀರಿ, ನಾಲ್ಕರಲ್ಲಿ ಮೂವರು "ಹೊಡೆಸಿದ್ರು ಬಿಡಪ್ಪ" ಅಂತಾರೆ. 2015ರ ಮಾರ್ಚ್ ಎಲ್ಲರಿಗೂ ನೆನಪಿದೆ, 2016ರ ನವೆಂಬರ್ ಯಾರಿಗೂ ನೆನಪಿಲ್ಲ. ಸಾವಿನ ಸುದ್ದಿ ಮೊದಲ ಪುಟದಲ್ಲಿ ಬರುತ್ತೆ, ತನಿಖೆಯ ಫಲಿತಾಂಶ ಒಳಪುಟದ ಮೂಲೆಯಲ್ಲಿ.

8/10

ಹಾಗಾದ್ರೆ ಅನುಮಾನ ಪಡೋದೇ ತಪ್ಪಾ? ಅಲ್ಲ. ಅನುಮಾನ ಇಲ್ಲದಿದ್ರೆ ಎಷ್ಟೋ ಕೇಸು ತೆರೆಯೋದೇ ಇಲ್ಲ. ಕೇಳಬೇಕಾದ್ದನ್ನ ಎಲ್ಲಿ, ಹೇಗೆ ಕೇಳಬೇಕು ಅನ್ನೋದು ಗೊತ್ತಿರಬೇಕು. ಇದನ್ನ ಶಾಲೆಯಲ್ಲಿ ಯಾರೂ ಹೇಳಿಕೊಡಲ್ಲ, ಅದಕ್ಕೇ ಇಲ್ಲಿ ಬರೀತೀನಿ.

ಒಂದು ಸಾವು ಸಹಜ ಅಲ್ಲ ಅನ್ನಿಸಿದ್ರೆ ಠಾಣೆಯಲ್ಲಿ ಮೊದಲು ದಾಖಲಾಗೋದು ಯುಡಿಆರ್, ಅಂದ್ರೆ ಅಸಹಜ ಸಾವಿನ ವರದಿ. ಮೊದಲು ಸಿಆರ್‌ಪಿಸಿ 174, 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ 194ನೇ ಸೆಕ್ಷನ್. ಪಂಚರ ಎದುರು ಶವ ಪಂಚನಾಮೆ, ಆಮೇಲೆ ಮರಣೋತ್ತರ ಪರೀಕ್ಷೆ, ಬೇಕಾದ ಮಾದರಿಗಳು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ. ಪ್ರಯೋಗಾಲಯದ ವರದಿ ಬರೋಕೆ ವಾರ, ತಿಂಗಳು ಹಿಡಿಯುತ್ತೆ. ಹಾಗಾಗಿ ಮೊದಲ ದಿನ ಯಾರು ಏನೇ ಖಚಿತವಾಗಿ ಹೇಳಿದ್ರೂ, ಪೊಲೀಸರಾಗಲಿ ರೀಲ್ ಮಾಡೋನಾಗಲಿ, ಅದು ಅರ್ಧ ಮಾತು.

ಎಫ್‌ಐಆರ್ ಆಗಿ, ತನಿಖೆಯ ಕೊನೆಗೆ ಅಪರಾಧ ನಡೆದಿಲ್ಲ ಅನ್ನಿಸಿದ್ರೆ ನಮ್ಮ ಪೊಲೀಸರು ಕೋರ್ಟ್‌ಗೆ ಹಾಕೋದು ಬಿ ರಿಪೋರ್ಟ್. ಬಿ ರಿಪೋರ್ಟ್ ಬಿತ್ತು ಅಂದ್ರೆ ಎಲ್ಲ ಮುಗೀತು ಅಂತಲ್ಲ. ದೂರು ಕೊಟ್ಟವರು ಮ್ಯಾಜಿಸ್ಟ್ರೇಟ್ ಎದುರು ತಕರಾರು ಅರ್ಜಿ ಹಾಕಬಹುದು. ಯಾವ ಸಾಕ್ಷಿಯನ್ನ ಕೇಳಿಲ್ಲ, ಯಾವ ಫೋನ್ ದಾಖಲೆ ತೆಗೆದಿಲ್ಲ ಅಂತ ತೋರಿಸಬಹುದು. ಕೋರ್ಟ್ ಒಪ್ಪಿದ್ರೆ ಮತ್ತೆ ತನಿಖೆ.

"ಅವರ ಕೊನೆಯ ದಿನದ ಫೋನ್ ದಾಖಲೆ ಪರಿಶೀಲಿಸಿದ್ದೀರಾ?" ಅಂತ ಕೇಳೋದು ಪ್ರಶ್ನೆ. "ಇಂಥವನೇ ಕೊಂದಿದ್ದು" ಅನ್ನೋದು ಆರೋಪ. ಪ್ರಶ್ನೆಯಿಂದ ತನಿಖೆ ಗಟ್ಟಿಯಾಗುತ್ತೆ. ಆರೋಪ ತಪ್ಪಾದ್ರೆ ಇನ್ನೊಬ್ಬರ ಬದುಕು ಹಾಳಾಗುತ್ತೆ, ನಿಜವಾದ ಅಪರಾಧಿ ಇದ್ದರೆ ಅವನು ಆರಾಮಾಗಿ ಇರ್ತಾನೆ.

9/10

ಈಗ ಮೊದಲಿನ ರೀಲ್‌ಗೆ ವಾಪಸ್ ಬರೋಣ.

ಜಾನ್ ಬಾರ್ನೆಟ್ ಬೋಯಿಂಗ್‌ನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕೆಲಸ ಮಾಡಿದ ಕ್ವಾಲಿಟಿ ಮ್ಯಾನೇಜರ್. 787 ವಿಮಾನ ತಯಾರಾಗೋ ಕಾರ್ಖಾನೆಯಲ್ಲಿ ಸುರಕ್ಷತೆ ಜೊತೆ ರಾಜಿ ಆಗ್ತಿದೆ ಅಂತ ಹೇಳಿದವರು. ಕಂಪನಿ ವಿರುದ್ಧದ ತಮ್ಮ ಕೇಸಲ್ಲಿ ಹೇಳಿಕೆ ಕೊಡ್ತಿದ್ದ ವಾರದಲ್ಲೇ, 2024ರ ಮಾರ್ಚ್ 9ರಂದು ತೀರಿಕೊಂಡರು. ಇಡೀ ಜಗತ್ತು "ಕೊಲೆ" ಅಂತು. ಮೇ ತಿಂಗಳಲ್ಲಿ ಚಾರ್ಲ್ಸ್‌ಟನ್ ಪೊಲೀಸರು ತನಿಖೆ ಮುಗಿಸಿ ಆತ್ಮಹತ್ಯೆ ಅಂದ್ರು.

ರೀಲ್ ಇಲ್ಲಿಗೆ ನಿಲ್ಲುತ್ತೆ. ಕಥೆ ನಿಲ್ಲಲ್ಲ. 2025ರಲ್ಲಿ ಅವರ ಕುಟುಂಬ ಬೋಯಿಂಗ್ ಮೇಲೆ ಕೇಸ್ ಹಾಕಿತು. ಅವರ ವಾದ ಕೊಲೆ ಅಂತಲ್ಲ. ವರ್ಷಗಟ್ಟಲೆ ಕಂಪನಿ ಕೊಟ್ಟ ಕಿರುಕುಳವೇ ಅವರನ್ನ ಅಲ್ಲಿಗೆ ತಂದು ನಿಲ್ಲಿಸಿತು ಅಂತ.

ಇದನ್ನ ಓದಿದಾಗ ನನಗೆ ಒಂದು ವಿಷಯ ಹೊಳೀತು. ನಮಗೆ ಯಾಕೆ "ಕೊಲೆ" ಅಂತಲೇ ಇರಬೇಕು ಅನ್ಸುತ್ತೆ? ಆತ್ಮಹತ್ಯೆ ಅಂದ ಕೂಡಲೇ ಎದುರಿನವರೆಲ್ಲ ನಿರಪರಾಧಿಗಳಾಗಿ ಬಿಡ್ತಾರೆ ಅನ್ನೋ ಭಯಕ್ಕೆ. ಆದ್ರೆ ಹಾಗೇನೂ ಇಲ್ಲ. ಒಬ್ಬ ಮನುಷ್ಯನನ್ನ ಮೂಲೆಗೆ ಹಾಕಿ, ಜೊತೆಗಾರರಿಂದ ಬೇರೆ ಮಾಡಿ, ಹುಚ್ಚ ಅನ್ನಿಸಿ, ಕೋರ್ಟ್‌ಗೆ ಅಲೆಸಿ ಸೋಲಿಸೋದಕ್ಕೂ ಲೆಕ್ಕ ಕೇಳಬೇಕು. ಹಾಗಂತ ಪ್ರತಿ ಆತ್ಮಹತ್ಯೆಯ ಹಿಂದೆ ಒಬ್ಬ ಖಳನಾಯಕ ಇದ್ದೇ ಇರ್ತಾನೆ ಅಂತಲೂ ಅಲ್ಲ. ಮನಸ್ಸಿನ ನೋವು ಧೈರ್ಯವಂತರಿಗೂ ಬರುತ್ತೆ. ಹುಲಿಯಂಥ ಅಧಿಕಾರಿಗೆ ನೋವೇ ಇರಲಿಲ್ಲ ಅಂತ ನಾವು ಹೇಳೋದು ಅವರಿಗೆ ಗೌರವ ಕೊಟ್ಟ ಹಾಗಲ್ಲ, ಅವರನ್ನ ಕಲ್ಲು ಮಾಡಿದ ಹಾಗೆ.

(ಇದನ್ನ ಓದ್ತಾ ನಿಮ್ಮ ಮನಸ್ಸು ಭಾರ ಆದ್ರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಉಚಿತ, ಕನ್ನಡದಲ್ಲೂ ಮಾತಾಡ್ತಾರೆ. ನಾಚಿಕೆ ಪಡೋದು ಬೇಡ.)

10/10

ಕೊನೆಗೆ ನಮ್ಮೂರು.

ಹರಿಹರದ ತುಂಗಭದ್ರಾ ಸೇತುವೆ ದಾಟಿದ್ರೆ ಕುಮಾರಪಟ್ಟಣಂ. ಅಲ್ಲಿನ ಹರಿಹರ ಪಾಲಿಫೈಬರ್ಸ್ ಗೊತ್ತಲ್ಲ, ಮರದ ತಿರುಳಿನಿಂದ ರೇಯಾನ್‌ಗೆ ಬೇಕಾದ ಪಲ್ಪ್ ಮಾಡೋ ಬಿರ್ಲಾ ಗುಂಪಿನ ಕಾರ್ಖಾನೆ. 1980ರ ದಶಕದಲ್ಲಿ ಹೊಳೆಯಲ್ಲಿ ಮೀನು ರಾಶಿ ರಾಶಿ ಸತ್ತು ತೇಲಿದಾಗ ಕೆಳಗಿನ ಊರುಗಳ ಜನ ಕಾರ್ಖಾನೆಯ ತ್ಯಾಜ್ಯ ನೀರಿನ ಕಡೆ ಬೆರಳು ತೋರಿಸಿದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅದನ್ನ ಚಳವಳಿ ಮಾಡಿತು. ಅದೇ ಹೋರಾಟ ಮುಂದೆ, ಕಾರ್ಖಾನೆಗೆ ನೀಲಗಿರಿ ಬೆಳೆಯೋಕೆ ಊರಿನ ಸಾಮೂಹಿಕ ಭೂಮಿ ಕೊಡೋ ಕರ್ನಾಟಕ ಪಲ್ಪ್‌ವುಡ್ ಕಂಪನಿ ವಿರುದ್ಧ ತಿರುಗಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ. 1991ರಲ್ಲಿ ಸರ್ಕಾರ ಆ ಕಂಪನಿಯನ್ನೇ ಮುಚ್ಚೋ ತೀರ್ಮಾನ ಮಾಡಿತು.

ಇದನ್ನ ಇಲ್ಲಿ ಯಾಕೆ ತಂದೆ ಅಂದ್ರೆ, ಆ ಕಾರ್ಖಾನೆಯಿಂದ ಹರಿಹರದ ಎಷ್ಟೋ ಮನೆಗೆ ಅನ್ನ ಸಿಕ್ಕಿದೆ. ಅದರ ವಿರುದ್ಧ ಮಾತಾಡೋದು ಸುಲಭ ಇರಲಿಲ್ಲ. ಆದ್ರೆ ಮಾತಾಡಿದ್ದು ಒಬ್ಬನಲ್ಲ. ಮೀನುಗಾರ, ರೈತ, ಮೇಷ್ಟ್ರು, ಲಾಯರ್ ಎಲ್ಲ ಸೇರಿ. ಒಬ್ಬನ ಬಾಯಿ ಮುಚ್ಚಿಸಿದ್ರೆ ವಿಷಯ ಮುಚ್ಚಿಹೋಗುವಂತೆ ಇರಲಿಲ್ಲ. ದುಬೆ, ಮಂಜುನಾಥ್, ಮಹಾಂತೇಶ್, ಈ ಮೂವರ ಕಥೆಯಲ್ಲಿ ಸಾಮಾನ್ಯವಾದದ್ದು ಒಂದೇ: ಅಪಾಯದ ಕ್ಷಣದಲ್ಲಿ ಅವರು ಒಬ್ಬರೇ ಇದ್ದರು.

ಕಾನೂನು ರಕ್ಷಣೆ ಕೊಡಲ್ವಾ? ದುಬೆ ಸಾವಿನ ನಂತರ 2004ರಲ್ಲಿ ಕೇಂದ್ರ ಜಾಗೃತ ಆಯೋಗಕ್ಕೆ ಗುಟ್ಟಾಗಿ ದೂರು ಕೊಡೋ ವ್ಯವಸ್ಥೆ ಬಂತು. ವಿಷಲ್ ಬ್ಲೋವರ್ಸ್ ರಕ್ಷಣಾ ಕಾಯ್ದೆಗೆ 2014ರ ಮೇ 9ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಆದ್ರೆ ಅದನ್ನ ಜಾರಿಗೆ ತರೋ ಅಧಿಸೂಚನೆ ಹೊರಡಲಿಲ್ಲ. ಕಾಯ್ದೆ ಇದೆ, ಜಾರಿ ಇಲ್ಲ. ಖಾಸಗಿ ಕಂಪನಿಗಳಂತೂ ಅದರ ವ್ಯಾಪ್ತಿಗೇ ಬರಲ್ಲ. ಷೇರುಪೇಟೆಯಲ್ಲಿರೋ ಕಂಪನಿಗಳು ಒಳಗೇ ಒಂದು ದೂರು ವ್ಯವಸ್ಥೆ ಇಡಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳುತ್ತೆ, ಅಷ್ಟೇ. ಇನ್ನು 2023ರ ಜನವರಿಯಲ್ಲಿ ನಮ್ಮದೇ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ, ಗ್ರಾಮ ಪಂಚಾಯ್ತಿ ಲೆಕ್ಕ ಕೇಳ್ತಿದ್ದ ಮಾಹಿತಿ ಹಕ್ಕು ಕಾರ್ಯಕರ್ತನ ಕೊಲೆ ಆಯ್ತು. ಅವನಿಗೆ ರೀಲ್ ಇಲ್ಲ. ನಮ್ಮ ಗ್ರೂಪಲ್ಲಿ ಎಷ್ಟು ಜನಕ್ಕೆ ಅವನ ವಿಷಯ ಗೊತ್ತು?

ಅದಕ್ಕೆ ನಾನು ಅನ್ಕೊಂಡಿದ್ದು ಇಷ್ಟು. ಸತ್ತ ಮೇಲೆ ಮೇಣದ ಬತ್ತಿ ಹಚ್ಚೋದು ಒಳ್ಳೇದೇ. ಆದ್ರೆ ನಮ್ಮ ನಡುವೆ ಯಾರಾದ್ರೂ "ಈ ಬಿಲ್ಲು ಸರಿ ಇಲ್ಲ ಕಣ್ರೋ" ಅಂತ ಮೊದಲ ಸಲ ಹೇಳಿದಾಗ, ಅವರ ಪಕ್ಕ ಎರಡನೆಯವರಾಗಿ ನಿಲ್ಲೋದು ಅದಕ್ಕಿಂತ ಮುಖ್ಯ. ದಾಖಲೆಯ ಒಂದು ಪ್ರತಿ ಇನ್ನೊಬ್ಬರ ಹತ್ತಿರ ಇರಲಿ. ಹೆಸರು ಗುಟ್ಟಾಗಿಡು ಅಂದ್ರೆ ಗುಟ್ಟಾಗೇ ಇಡಿ. ಅವರನ್ನ ಚಾಡಿಕೋರ ಅನ್ನಬೇಡಿ.

ಆ ರೀಲ್ ನಾನು ಡಿಲೀಟ್ ಮಾಡಿದೆ. ಅದರ ಜಾಗದಲ್ಲಿ ಈ ಹತ್ತು ಕ್ಯಾಪ್ಷನ್. ನಿಮ್ಮ ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿಗೆ 2015ರ ಆ ವಾರ ನೆನಪಿದ್ರೆ ಕೇಳಿ, ಕಾಮೆಂಟಲ್ಲಿ ಬರೀರಿ. ಒಂದೇ ಷರತ್ತು: ಯಾರ ಹೆಸರಿಗೂ ಮಸಿ ಬಳಿಯೋದು ಬೇಡ. ನೆನಪು ಬರೀರಿ, ತೀರ್ಪು ಬೇಡ.

#ದಾವಣಗೆರೆ #ಹರಿಹರ #ಇತಿಹಾಸಸರಣಿ